ಮುಕ್ತ ಪಠ್ಯಪುಸ್ತಕದ ಕೆಲಸ: ಏಳನೇ ತಿಂಗಳು

ಹನ್ನೆರಡು ಅಧ್ಯಾಯಗಳಲ್ಲಿ ಒಂಬತ್ತು ಮುಗಿದಿವೆ. ಅಳತೆ, ಸಾಂದ್ರತೆ, ಒತ್ತಡ, ತೇಲುವುದು, ಮುಳುಗುವುದು, ಇಷ್ಟರ ಸುತ್ತ ಇರುವ ಸಣ್ಣ ವಿಜ್ಞಾನ ಪುಸ್ತಕ ಇದು. ಯಾವ ಶಿಕ್ಷಕರು ಬೇಕಾದರೂ ಇಳಿಸಿಕೊಂಡು, ತಮ್ಮ ತರಗತಿಗೆ ತಕ್ಕಂತೆ ತಿದ್ದಿ, ಮತ್ತೆ ಹಂಚಬಹುದು. ಈ ತಿಂಗಳು ಹೊಸದಾಗಿ ಬರೆದದ್ದು ಕಡಿಮೆ. ಬರೆದದ್ದನ್ನು ಬಿಚ್ಚಿ ಮತ್ತೆ ಕಟ್ಟಿದ್ದೇ ಜಾಸ್ತಿ.

ಮೊದಲ ವಾರ

ಹೋದ ತಿಂಗಳು ಮೂರು ಅಧ್ಯಾಯಗಳನ್ನು ಪಿಡಿಎಫ್ ಮಾಡಿ ಐದು ಜನ ಶಿಕ್ಷಕರಿಗೆ ಕಳಿಸಿದ್ದೆ. ಚೆನ್ನಾಗಿದೆ ಅಂದರು. ಒಬ್ಬ ಮೇಡಂ ಮಾತ್ರ ಹೀಗೆ ಕೇಳಿದರು: "ನಮ್ಮ ಮಕ್ಕಳಿಗೆ ಎರಡನೇ ಅಧ್ಯಾಯದ ಮೂರನೇ ಭಾಗ ಮೊದಲು ಬೇಕು. ಅದನ್ನ ಮೇಲಕ್ಕೆ ತರೋದು ಹೇಗೆ?"

ಪಿಡಿಎಫ್‌ನಲ್ಲಿ ಅದು ಸುಲಭದ ಮಾತಲ್ಲ. ತಿದ್ದಬಹುದು ಅಂತ ಲೈಸೆನ್ಸ್‌ನಲ್ಲಿ ಬರೆದಿದ್ದೆ, ಆದರೆ ತಿದ್ದಲು ಬರುವಂಥ ಫೈಲ್ ಕೊಟ್ಟಿರಲಿಲ್ಲ. ಮುಕ್ತ ಪಠ್ಯ ಅಂದರೆ ಐದು ಹಕ್ಕುಗಳಿರಬೇಕು ಅಂತ ಮುಕ್ತ ಶಿಕ್ಷಣದ ಬಗ್ಗೆ ಬರೆಯುವ ಡೇವಿಡ್ ವೈಲಿ ಹೇಳುತ್ತಾರೆ: ಇಟ್ಟುಕೊಳ್ಳುವುದು, ಬಳಸುವುದು, ತಿದ್ದುವುದು, ಬೇರೆಯದರ ಜೊತೆ ಬೆರೆಸುವುದು, ಹಂಚುವುದು. ನಾನು ಕಳಿಸಿದ್ದರಲ್ಲಿ ತಿದ್ದುವುದು, ಬೆರೆಸುವುದು ಎರಡೂ ಬರೀ ಹೆಸರಿಗಿದ್ದವು. ಆ ಪ್ರಶ್ನೆ ಬಂದ ದಿನ ಹೊಸ ಅಧ್ಯಾಯ ಪಕ್ಕಕ್ಕಿಟ್ಟೆ.

ಈಗ ಇಡೀ ಪುಸ್ತಕವನ್ನು ಮಾರ್ಕ್‌ಡೌನ್‌ಗೆ ತಂದಿದ್ದೇನೆ. ಅಂದರೆ ಶೀರ್ಷಿಕೆ, ಪಟ್ಟಿಗಳನ್ನು ಸರಳ ಚಿಹ್ನೆಗಳಿಂದ ಗುರುತಿಸುವ ಸಾದಾ ಪಠ್ಯ, ಒಂದೊಂದು ಭಾಗಕ್ಕೆ ಒಂದೊಂದು ಫೈಲ್. ಮೊದಲು ಚಿತ್ರವಾಗಿ ಅಂಟಿಸಿದ್ದ ಸೂತ್ರಗಳನ್ನೆಲ್ಲ ಅಕ್ಷರಗಳಲ್ಲೇ ಮತ್ತೆ ಬರೆದೆ. ಇದಕ್ಕೇ ನಾಲ್ಕು ಸಂಜೆ ಹೋಯಿತು. ಫೈಲ್‌ಗಳ ರೂಪ ಬದಲಿಸುವ ಪಾಂಡಾಕ್ ಅನ್ನೋ ತಂತ್ರಾಂಶಕ್ಕೆ ಕೊಟ್ಟರೆ ಅದೇ ಮೂಲದಿಂದ ಪಿಡಿಎಫ್, ಇಪಬ್ (ಇ-ಪುಸ್ತಕ), ವೆಬ್ ಪುಟ, ವರ್ಡ್ ಫೈಲ್ ನಾಲ್ಕೂ ಬರುತ್ತವೆ. ಇದನ್ನು 2006ರಲ್ಲಿ ಶುರು ಮಾಡಿದ ಜಾನ್ ಮ್ಯಾಕ್‌ಫಾರ್ಲೇನ್ ತತ್ವಶಾಸ್ತ್ರ ಪಾಠ ಮಾಡುವ ಪ್ರೊಫೆಸರ್. ಪಾಠ ಹೇಳುವವರ ಕೈಯಿಂದಲೇ ಬಂದ ಸಲಕರಣೆ ಇದು ಅನ್ನೋದು ನನಗೆ ಖುಷಿಯ ವಿಷಯ.

ಮೂಲವೆಲ್ಲ ಗಿಟ್‌ನಲ್ಲಿದೆ, ಫೈಲ್‌ಗಳ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶ ಅದು. ಆದರೆ ಐವರಲ್ಲಿ ಒಬ್ಬರೂ ಗಿಟ್ ಬಳಸುವವರಲ್ಲ, ಪುಸ್ತಕಕ್ಕಾಗಿ ಅವರು ಅದನ್ನು ಕಲಿಯಬೇಕಾಗಿಯೂ ಇಲ್ಲ. ಅವರಿಗೆ ವರ್ಡ್ ಫೈಲ್ ಸಾಕು. ಟ್ರ್ಯಾಕ್ ಚೇಂಜಸ್ ಹಾಕಿಕೊಂಡು ತಿದ್ದಿ ಕಳಿಸುತ್ತಾರೆ. ಆ ತಿದ್ದುಪಡಿಗಳ ಸಮೇತ ಫೈಲನ್ನು ಓದಿ ಮಾರ್ಕ್‌ಡೌನ್ ಮಾಡಿಕೊಡುವ ಆಯ್ಕೆ ಪಾಂಡಾಕ್‌ನಲ್ಲೇ ಇದೆ. ಯಾರು ಏನು ಅಳಿಸಿದರು, ಏನು ಸೇರಿಸಿದರು ಎಲ್ಲ ಕಾಣುತ್ತದೆ. ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಇದೇ.

ಎರಡು ಮತ್ತು ಮೂರನೇ ವಾರ

ಇದು ಪೂರ್ತಿ ಚಿತ್ರಗಳ ಕಥೆ.

ಅಳತೆ ಜಾಡಿಯಲ್ಲಿ ನೀರು, ಅದರೊಳಗೆ ದಾರ ಕಟ್ಟಿ ಇಳಿಸಿದ ಕಲ್ಲು, ನೀರು 40 ಮಿಲಿಲೀಟರ್‌ನಿಂದ 55ಕ್ಕೆ ಏರಿದೆ. ಕಲ್ಲಿನ ಗಾತ್ರ 15 ಘನ ಸೆಂಟಿಮೀಟರ್. ಇಂಥ ಒಂದು ಚಿತ್ರ ಬೇರೆ ಮುಕ್ತ ಪುಸ್ತಕದಲ್ಲಿ ಸಿಕ್ಕಿತ್ತು. ಹೆಸರುಗಳನ್ನು ಕನ್ನಡಕ್ಕೆ ಬದಲಿಸಿ ಹಾಕಿಕೊಂಡಿದ್ದೆ. ಮೂಲ ಯಾವುದು ಅಂತ ಬರೆಯಲು ಹೋದಾಗ ಅದರ ಲೈಸೆನ್ಸ್ ಸರಿಯಾಗಿ ಓದಿದೆ. ಕ್ರಿಯೇಟಿವ್ ಕಾಮನ್ಸ್‌ನ ಬೈ-ಎನ್‌ಸಿ-ಎಸ್‌ಎ ಅಂತಿತ್ತು. ಬೈ ಅಂದರೆ ಮಾಡಿದವರ ಹೆಸರು ಹೇಳಬೇಕು, ಎನ್‌ಸಿ ಅಂದರೆ ವ್ಯಾಪಾರಕ್ಕೆ ಬಳಸಬಾರದು, ಎಸ್‌ಎ ಅಂದರೆ ತಿದ್ದಿದ್ದನ್ನೂ ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು. ನನ್ನ ಪುಸ್ತಕ ಬೈ-ಎಸ್‌ಎ 4.0.

ಎರಡರಲ್ಲೂ ಎಸ್‌ಎ ಇದೆಯಲ್ಲ, ಹೊಂದುತ್ತದೆ ಅನ್ನಿಸುತ್ತದೆ ಅಲ್ವಾ? ಹೊಂದುವುದಿಲ್ಲ. ತಿದ್ದಿದ ಚಿತ್ರವನ್ನು ಅದರ ಮೂಲ ಲೈಸೆನ್ಸ್‌ನಲ್ಲೇ ಹಂಚಬೇಕು ಅನ್ನುತ್ತದೆ ಎಸ್‌ಎ. ಹಾಗಾದರೆ ನಾನು ತಿದ್ದಿದ ಚಿತ್ರಕ್ಕೂ ವ್ಯಾಪಾರಕ್ಕೆ ಬಳಸಬಾರದು ಅನ್ನೋ ಕಟ್ಟು ಅಂಟಿಕೊಳ್ಳುತ್ತದೆ. ಆ ಕಟ್ಟು ನನ್ನ ಪುಸ್ತಕಕ್ಕೆ ಬೇಡ. ಯಾರಾದರೂ ಇದನ್ನು ಅಚ್ಚು ಹಾಕಿ ಮಾರಿದರೆ ಮಾರಲಿ. ಪರದೆ ಮೇಲೆ ಓದಲಾಗದ ಮಕ್ಕಳ ಕೈಗೆ ಕಾಗದದ ಪುಸ್ತಕ ಸೇರುವುದು ಹಾಗೇ.

ಒಂದೇ ಕಡೆಯಿಂದ ಬಂದ ಪುಸ್ತಕಗಳಿಗೆಲ್ಲ ಒಂದೇ ಲೈಸೆನ್ಸ್ ಇರುತ್ತದೆ ಅಂತಲೂ ಅಂದುಕೊಳ್ಳಬೇಡಿ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ 2012ರಿಂದ ಮುಕ್ತ ಪಠ್ಯಪುಸ್ತಕ ಹೊರತರುತ್ತಿದೆ. ಅವುಗಳಲ್ಲಿ ಬಹಳಷ್ಟು ಬರೀ ಬೈ, ಆದರೆ ಕ್ಯಾಲ್ಕುಲಸ್ ಪುಸ್ತಕಗಳು ಬೈ-ಎನ್‌ಸಿ-ಎಸ್‌ಎ. ಪುಸ್ತಕ ತೆರೆದ ಕೂಡಲೇ ಲೈಸೆನ್ಸ್ ಪುಟ ನೋಡೋದನ್ನು ಈಗ ಅಭ್ಯಾಸ ಮಾಡಿಕೊಂಡಿದ್ದೇನೆ.

ಜಾಡಿಯ ಚಿತ್ರವನ್ನು ಇಂಕ್‌ಸ್ಕೇಪ್‌ನಲ್ಲಿ ಹೊಸದಾಗಿ ನಾನೇ ಬಿಡಿಸಿದೆ. ನೀರಿನ ಮೇಲ್ಮೈ ಗಾಜಿನ ಅಂಚಿನಲ್ಲಿ ಸ್ವಲ್ಪ ಮೇಲೇರಿ ನಡುವೆ ತಗ್ಗಾಗಿರುತ್ತದೆ. ಅಳತೆ ಓದಬೇಕಾದದ್ದು ಆ ತಗ್ಗಿನ ಮಟ್ಟದಲ್ಲಿ. ಹಳೆಯ ಚಿತ್ರದಲ್ಲಿ ಗೆರೆ ನೇರವಾಗಿತ್ತು, ನನ್ನದರಲ್ಲಿ ಬಾಗಿದೆ. ಎಸ್‌ವಿಜಿ ಅನ್ನೋ ಚಿತ್ರದ ಫೈಲ್ ರೂಪದಲ್ಲಿ ಉಳಿಸಿರುವುದರಿಂದ ಅಕ್ಷರಗಳು ಅಕ್ಷರಗಳಾಗಿಯೇ ಇವೆ. ಬೇರೆ ಭಾಷೆಗೆ ಒಯ್ಯುವವರು ಪದ ಬದಲಿಸಿದರೆ ಸಾಕು, ಚಿತ್ರವನ್ನು ಮತ್ತೆ ಬಿಡಿಸಬೇಕಿಲ್ಲ. ಹೀಗೆ ಹನ್ನೊಂದು ಚಿತ್ರ ಆಯಿತು. ಹೊರಗಿನಿಂದ ತಂದು ಉಳಿಸಿಕೊಂಡ ಚಿತ್ರಗಳ ಕೆಳಗೆ ಹೆಸರು, ಮಾಡಿದವರು, ಸಿಕ್ಕಿದ ಜಾಗ, ಲೈಸೆನ್ಸ್ ನಾಲ್ಕನ್ನೂ ಬರೆದಿದ್ದೇನೆ.

ಪರದೆ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವ ಮಕ್ಕಳಿಗಾಗಿ ಪ್ರತಿ ಚಿತ್ರಕ್ಕೂ ವಿವರಣೆ ಸೇರಿಸುತ್ತಿದ್ದೇನೆ. "ಅಳತೆ ಜಾಡಿಯ ಚಿತ್ರ" ಅಂದರೆ ಕೇಳುವ ಮಗುವಿಗೆ ಏನೂ ಸಿಗುವುದಿಲ್ಲ. "ಕಲ್ಲು ಇಳಿಸಿದ ಮೇಲೆ ನೀರು 40ರಿಂದ 55ಕ್ಕೆ ಏರಿದೆ" ಅಂದರೆ ಲೆಕ್ಕ ಮಾಡಲು ಬರುತ್ತದೆ. ಅರ್ಧದಷ್ಟು ಚಿತ್ರಗಳಿಗೆ ಇನ್ನೂ ಬರೆಯಬೇಕು.

ನಾಲ್ಕನೇ ವಾರ

ಒಂದು ತಪ್ಪು ಸಿಕ್ಕಿತು. 2, 3, 5 ಸೆಂಟಿಮೀಟರ್ ಅಳತೆಯ ಲೋಹದ ತುಂಡು, ತೂಕ 81 ಗ್ರಾಂ, ಸಾಂದ್ರತೆ ಎಷ್ಟು? ಗಾತ್ರ 30, ಹಾಗಾಗಿ ಉತ್ತರ 2.7, ಅಂದರೆ ಅಲ್ಯೂಮಿನಿಯಂ. ಉತ್ತರಗಳ ಪುಟದಲ್ಲಿ 27 ಅಂತಿತ್ತು. ಚಿನ್ನದ ಸಾಂದ್ರತೆಯೇ 19.3! ಒಬ್ಬ ಶಿಕ್ಷಕರು ತರಗತಿಯಲ್ಲಿ ಮಕ್ಕಳ ಜೊತೆ ಮಾಡುವಾಗ ಹಿಡಿದರು. ಅವತ್ತೇ ಸಂಜೆ ಸರಿ ಮಾಡಿ ಹೊಸ ಆವೃತ್ತಿ ಹಾಕಿದೆ.

ಆದರೆ ಅದೇ ಗಡಿಬಿಡಿಯಲ್ಲಿ ಹಳೆಯ ಲೆಕ್ಕವೊಂದನ್ನು ತೆಗೆದುಬಿಟ್ಟೆ, ಮುಂದಿನವುಗಳ ಸಂಖ್ಯೆ ಜರುಗಿತು. ಆ ಶಿಕ್ಷಕರು 9ನೇ ಲೆಕ್ಕವನ್ನು ಮನೆಗೆಲಸ ಕೊಟ್ಟರೆ ಅರ್ಧ ತರಗತಿ ಹಳೆಯ ಆವೃತ್ತಿಯ ಲೆಕ್ಕ, ಇನ್ನರ್ಧ ಹೊಸದರ ಲೆಕ್ಕ ಮಾಡಿ ತಂದಿತು. ಇನ್ನು ಮುಂದೆ ಒಮ್ಮೆ ಕೊಟ್ಟ ಸಂಖ್ಯೆಯನ್ನು ಬದಲಿಸುವುದಿಲ್ಲ. ಲೆಕ್ಕ ತೆಗೆದರೆ ಆ ಸಂಖ್ಯೆ ಖಾಲಿ ಇರುತ್ತದೆ. ಹೊಸದು ಬಂದರೆ ಕೊನೆಗೆ ಸೇರುತ್ತದೆ. ದೊಡ್ಡ ಬದಲಾವಣೆ ಏನಿದ್ದರೂ ಶಾಲಾ ವರ್ಷ ಮುಗಿದ ಮೇಲೆ.

ಮೊನ್ನೆ ಆ ಮೇಡಂ ತಮ್ಮ ಆವೃತ್ತಿ ಕಳಿಸಿದ್ದಾರೆ. ಮೂರನೇ ಭಾಗ ಮೊದಲು ಬಂದಿದೆ. ಮುಖಪುಟದಲ್ಲಿ ನನ್ನ ಹೆಸರು, ಕೆಳಗೆ ಅವರ ಹೆಸರು, ಏನೇನು ಬದಲಿಸಿದ್ದಾರೆ ಅನ್ನೋ ಎರಡು ಸಾಲು. ಮಂಜುಗಡ್ಡೆ ತೇಲುವುದರ ಮೇಲೆ ನನ್ನಲ್ಲಿಲ್ಲದ ನಾಲ್ಕು ಲೆಕ್ಕ ಬರೆದಿದ್ದಾರೆ. ಅವೂ ಬೈ-ಎಸ್‌ಎ. ಕೇಳಿಯೇ ತೆಗೆದುಕೊಳ್ಳಬೇಕೆಂದಿಲ್ಲ, ಆದರೂ ಫೋನ್ ಮಾಡಿದೆ. ಎರಡು ಲೆಕ್ಕಗಳನ್ನು ಅವರ ಹೆಸರಿನ ಜೊತೆಗೇ ನನ್ನ ಪುಸ್ತಕದ ಮೂರನೇ ಅಧ್ಯಾಯಕ್ಕೆ ಸೇರಿಸಿದ್ದೇನೆ, 15 ಮತ್ತು 16ನೇ ಸಂಖ್ಯೆ.