ಸಿಒಪಿಡಿ ಇದ್ದವರ ಹೃದಯದ ಮಾತ್ರೆಗಳು

ಉಬ್ಬಸ ಇರುವವರು ಬೀಟಾ ಬ್ಲಾಕರ್ (ಹೃದಯದ ಬಡಿತ, ಬಿಪಿ ಇಳಿಸುವ ಔಷಧ) ಮುಟ್ಟಲೇಬಾರದು ಎಂಬ ಹಳೆಯ ಮಾತು ಇನ್ನೂ ಚಾಲ್ತಿಯಲ್ಲಿದೆ. ಅದನ್ನು ನಂಬಿ, ಹೃದಯಾಘಾತ ಆದವರು, ಹೃದಯದ ಪಂಪಿಂಗ್ ಕುಗ್ಗಿದವರು ಬೇಕೇ ಬೇಕಾದ ಮಾತ್ರೆಯನ್ನೂ ಬಿಡುತ್ತಾರೆ. ಸಿಒಪಿಡಿಯಲ್ಲಿ, ಅಂದರೆ ಶ್ವಾಸನಾಳಗಳು ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆಯಲ್ಲಿ, ಕೇಳಬೇಕಾದ ಪ್ರಶ್ನೆ, ಯಾವ ಬೀಟಾ ಬ್ಲಾಕರ್ ಎಂಬುದು. (ಆಸ್ತಮಾ ಬೇರೆ ಕಥೆ, ಅಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು.)

ಹೃದಯದಲ್ಲಿ ಹೆಚ್ಚಾಗಿರುವುದು ಬೀಟಾ-1 ಗ್ರಾಹಕ (ರಿಸೆಪ್ಟರ್, ಅಂದರೆ ಜೀವಕೋಶದ ಮೇಲೆ ಅಡ್ರಿನಲಿನ್‌ನಂಥ ಸಂಕೇತ ಹಿಡಿಯುವ ಜಾಗ). ಶ್ವಾಸನಾಳ ಸಡಿಲಿಸುವುದು ಬೀಟಾ-2. ಬಿಸೊಪ್ರೊಲಾಲ್, ಮೆಟೊಪ್ರೊಲಾಲ್, ನೆಬಿವೊಲಾಲ್ ಮುಖ್ಯವಾಗಿ ಮೊದಲನೆಯದನ್ನು ತಡೆಯುತ್ತವೆ. ಪ್ರೊಪ್ರನೊಲಾಲ್, ಕಾರ್ವೆಡಿಲಾಲ್ ಎರಡನ್ನೂ ತಡೆಯುತ್ತವೆ. ಆಗ ನಾಳ ಬಿಗಿಯುವುದಷ್ಟೇ ಅಲ್ಲ, ಉಸಿರು ಸಲೀಸಾಗಲು ಎಳೆದುಕೊಳ್ಳುವ ಸಾಲ್ಬುಟಮಾಲ್ ಪಫ್ ಕೂಡ ಸರಿಯಾಗಿ ನಾಟುವುದಿಲ್ಲ. ಹೃದಯ ವೈಫಲ್ಯಕ್ಕೆ ಬಿಸೊಪ್ರೊಲಾಲ್ ಶುರುವಾಗುವುದು ದಿನಕ್ಕೆ 1.25 ಮಿಲಿಗ್ರಾಂನಿಂದ, ಕನಿಷ್ಠ ಎರಡು ವಾರಕ್ಕೊಮ್ಮೆ ಏರಿಸುತ್ತ, ತಡೆದುಕೊಂಡರೆ 10ರವರೆಗೆ. ಡೋಸ್ ಏರಿದಷ್ಟೂ ಬೀಟಾ-1ರ ಮೇಲಿನ ಒಲವು ಸಡಿಲವಾಗುತ್ತದೆ. ಆದ್ದರಿಂದ ಪ್ರತಿ ಸಲ ಏರಿಸಿದ ಮೇಲೆ ದಿನಕ್ಕೆ ಎಷ್ಟು ಪಫ್ ಬೇಕಾಯಿತು ಅಂತ ಬರೆದಿಡಿ. ದಿಢೀರನೆ ನಿಲ್ಲಿಸಬೇಡಿ, ಎದೆನೋವು ಮರುಕಳಿಸಬಹುದು. ಹಾಗಂತ ಹೃದಯದ ಕಾರಣವೇ ಇಲ್ಲದೆ ಶ್ವಾಸಕೋಶಕ್ಕೆ ಒಳ್ಳೆಯದೆಂದು ಕೊಡುವಂತಿಲ್ಲ. 2019ರ ಬ್ಲಾಕ್-ಸಿಒಪಿಡಿ ಪ್ರಯೋಗದಲ್ಲಿ ಹಾಗೆ ಮೆಟೊಪ್ರೊಲಾಲ್ ಪಡೆದವರು ತೊಂದರೆ ಉಲ್ಬಣಿಸಿ ಆಸ್ಪತ್ರೆ ಸೇರಿದ್ದೇ ಹೆಚ್ಚು.

ಯಾರೂ ಲೆಕ್ಕಕ್ಕೆ ಹಿಡಿಯದ ಔಷಧ ಟಿಮೊಲಾಲ್, ಗ್ಲಾಕೋಮಾದ (ಕಣ್ಣಿನ ನರ ಹಾಳಾಗುವ ಕಾಯಿಲೆ) ಕಣ್ಣಿನ ಡ್ರಾಪ್ಸ್. ಕಣ್ಣೀರಿನ ನಾಳದಿಂದ ಮೂಗಿಗಿಳಿದು ಸೀದಾ ರಕ್ತಕ್ಕೆ ಸೇರುತ್ತದೆ, ಎರಡೂ ಗ್ರಾಹಕಗಳನ್ನು ತಡೆಯುತ್ತದೆ. "ಯಾವ ಮಾತ್ರೆ ತಗೋತೀರಿ?" ಅಂದರೆ ಡ್ರಾಪ್ಸ್ ಯಾರಿಗೆ ನೆನಪಾಗುತ್ತದೆ? ಮೈಗ್ರೇನ್, ಕೈನಡುಕಕ್ಕೆ ಬೇರೆ ಡಾಕ್ಟರು ಬರೆದ ಪ್ರೊಪ್ರನೊಲಾಲ್ ಕೂಡ ಹೀಗೇ ತಪ್ಪಿಸಿಕೊಳ್ಳುತ್ತದೆ.

ಇನ್ನು ಕೆಮ್ಮು. ಬಿಪಿಗೆ, ಹೃದಯಕ್ಕೆ ಕೊಡುವ ರಾಮಿಪ್ರಿಲ್, ಎನಲಾಪ್ರಿಲ್ ಮಾತ್ರೆಗಳು ಕೆಲವರಿಗೆ ಒಣಕೆಮ್ಮು ತರುತ್ತವೆ. ಸಿಒಪಿಡಿ ಇದ್ದವರಲ್ಲಿ ಅದನ್ನು ಹಳೆಯ ಕೆಮ್ಮೇ ಎಂದುಕೊಂಡು ಸಿರಪ್ಪು, ಆ್ಯಂಟಿಬಯಾಟಿಕ್ ನಡೆಯುತ್ತಲೇ ಇರುತ್ತದೆ. ಕಫದ ಬಣ್ಣ, ಪ್ರಮಾಣ ಬದಲಾಗದೆ ಗಂಟಲು ಕೆರೆಯುವ ಕೆಮ್ಮು ಹೊಸದಾಗಿ ಸೇರಿಕೊಂಡರೆ ಮಾತ್ರೆಯನ್ನು ಅನುಮಾನಿಸಿ. ಡಾಕ್ಟರು ಟೆಲ್ಮಿಸಾರ್ಟನ್ ಅಥವಾ ಲೊಸಾರ್ಟನ್‌ಗೆ ಬದಲಿಸಬಹುದು. ಕೆಮ್ಮು ಇಳಿಯಲು ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರ, ಕೆಲವೊಮ್ಮೆ ಮೂರು ತಿಂಗಳೂ ಹಿಡಿಯುತ್ತದೆ.

ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಟಿಕಾಗ್ರೆಲಾರ್ ಏದುಸಿರು ತರಬಲ್ಲದು. ನೀವೇ ನಿಲ್ಲಿಸಿದರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಬಹುದು. ಬದಲಿಸುವುದು ಡಾಕ್ಟರ ಕೆಲಸ.

ಉಬ್ಬಸ ಕೆರಳಿದಾಗ ಪೊಟ್ಯಾಸಿಯಂ ಮೂರು ಕಡೆಯಿಂದ ಇಳಿಯುತ್ತದೆ: ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್, ಮತ್ತೆ ಮತ್ತೆ ಕೊಡುವ ಸಾಲ್ಬುಟಮಾಲ್ ನೆಬ್ಯುಲೈಸೇಶನ್, ಜೊತೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಇದರ ಮೇಲೆ ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಇದ್ದರೆ, ಪೊಟ್ಯಾಸಿಯಂ ಇಳಿದಾಗ ಮಾಮೂಲಿ ಡೋಸೇ ವಿಷವಾಗಿ ಬಡಿತ ತಪ್ಪಿಸಬಹುದು. ಸೋಂಕಿಗೆಂದು ಕ್ಲಾರಿಥ್ರೊಮೈಸಿನ್ ಸೇರಿಸಿದರೆ ಡಿಗಾಕ್ಸಿನ್ ಮಟ್ಟವೂ ಏರುತ್ತದೆ, ಉಬ್ಬಸದ ಮಾತ್ರೆ ಡೆರಿಫಿಲಿನ್‌ನಲ್ಲಿರುವ ಥಿಯೋಫಿಲಿನ್ ಮಟ್ಟವೂ ಏರುತ್ತದೆ. ವಾಕರಿಕೆ, ಎದೆ ಡವಗುಟ್ಟುವುದು ಕಂಡರೆ ಅಂದೇ ಪೊಟ್ಯಾಸಿಯಂ ಪರೀಕ್ಷೆ, ಇಸಿಜಿ ಎರಡೂ ಆಗಬೇಕು.