ಫೈನಲ್ ಮುಂದಿನ ಶನಿವಾರ ಅಲ್ವಾ?

2025ರ ಹೆಂಗಸರ ಚಾಂಪಿಯನ್ಸ್ ಲೀಗ್, ಅಂದರೆ ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ದೊಡ್ಡ ಕಪ್. ಅದರ ಫೈನಲ್ಲಿನಲ್ಲಿ ಆರ್ಸೆನಲ್‌ನ ಬೆತ್ ಮೀಡ್ ಕೊಟ್ಟ ಆ ಪಾಸನ್ನು ಶನಿವಾರ ರಾತ್ರಿಯಿಂದ ಹಿಂದೆ ಮುಂದೆ ಓಡಿಸಿ ನೋಡುತ್ತಲೇ ಇದ್ದೇನೆ. 74ನೇ ನಿಮಿಷ. ಗೋಲಿನ ಮುಂದಿನ ಬಾಕ್ಸಿನ ಹತ್ತಿರ ಚೆಂಡು ಅವಳ ಕಾಲಿಗೆ ಸಿಗುತ್ತದೆ. ಎದುರಿಗೆ ಬಾರ್ಸಿಲೋನಾದ ರಕ್ಷಣೆ ಒತ್ತಾಗಿ ನಿಂತಿದೆ. ಅಂಥ ಹೊತ್ತಲ್ಲಿ ಕಣ್ಣುಮುಚ್ಚಿ ಗೋಲಿನತ್ತ ಒದೆಯುವವರೇ ಹೆಚ್ಚು. ಮೀಡ್ ಒದೆಯಲಿಲ್ಲ. ಇದ್ದ ಚೂರು ಸಂದಿಯಲ್ಲಿ ಚೆಂಡನ್ನು ಮೆಲ್ಲಗೆ ಜಾರಿಸಿದಳು. ಅದು ಅಲ್ಲಿಗೇ ಬರುತ್ತದೆಂದು ಮೊದಲೇ ಗೊತ್ತಿದ್ದವಳಂತೆ ಸ್ಟೀನಾ ಬ್ಲ್ಯಾಕ್‌ಸ್ಟೇನಿಯಸ್ ನುಗ್ಗಿದಳು, ಹೊಡೆದಳು. ಆರ್ಸೆನಲ್ 1, ಬಾರ್ಸಿಲೋನಾ 0. ಲಿಸ್ಬನ್ನಿನ ಅಲ್ವಲಾದೆ ಅಂಗಳದಲ್ಲಿ ಕೆಂಪು ಅಂಗಿಯ ಮೂಲೆ ಹುಚ್ಚೆದ್ದಿತು.

ಇಬ್ಬರೂ ಅಂಗಳಕ್ಕೆ ಇಳಿದಿದ್ದು ಏಳೇ ನಿಮಿಷದ ಹಿಂದೆ, ಒಟ್ಟಿಗೆ. ಮ್ಯಾನೇಜರ್ ರೆನೇ ಸ್ಲೇಗರ್ಸ್ ಅವರ ಈ ಒಂದು ನಿರ್ಧಾರದ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಋತುವಿನ ನಡುವೆ, ಹಿಂದಿನ ಕೋಚ್ ರಾಜೀನಾಮೆ ಕೊಟ್ಟು ಹೋದ ಮೇಲೆ, ಹಂಗಾಮಿಯಾಗಿ ಕುರ್ಚಿಗೆ ಬಂದವರು ಆಕೆ. ಬೇರೆಯವರಾಗಿದ್ದರೆ 0-0ಯನ್ನು ಕಾಪಾಡಿಕೊಂಡು ಎಕ್ಸ್ಟ್ರಾ ಟೈಮಿಗೆ ಹೋಗೋಣ ಅಂದುಕೊಳ್ಳುತ್ತಿದ್ದರು. ಎದುರಿಗಿದ್ದದ್ದು ಸತತ ಐದನೇ ಫೈನಲ್ ಆಡುತ್ತಿದ್ದ ತಂಡ, ಸೆಮಿಫೈನಲ್ಲಿನಲ್ಲಿ ಚೆಲ್ಸಿಯನ್ನು ಎರಡೂ ಪಂದ್ಯಗಳಲ್ಲಿ 4-1ರಿಂದ ಬಗ್ಗುಬಡಿದ ತಂಡ. ಬೊನ್‌ಮತಿ, ಪುತೆಯಾಸ್‌ರಂಥ ಜಗತ್ತಿನ ಶ್ರೇಷ್ಠ ಆಟಗಾರ್ತಿಯರಿಬ್ಬರೂ ಇದ್ದ ನಡುಅಂಗಳದ ಎದುರು ಧೈರ್ಯ ಮಾಡುವುದಕ್ಕೆ ಗುಂಡಿಗೆ ಬೇಕು.

ಸೋಮವಾರ ಕೆಲಸದ ಜಾಗದಲ್ಲಿ ಇದನ್ನೆಲ್ಲ ಉಸಿರು ಬಿಡದೆ ಹೇಳಲು ಹೊರಟೆ. ‘ಚಾಂಪಿಯನ್ಸ್ ಲೀಗ್ ಫೈನಲ್ ನೋಡಿದ್ಯಾ?’ ಅಂತ ಕೇಳಿದೆ.

ಗೆಳೆಯ ತಲೆಯೆತ್ತಿ, ‘ಫೈನಲ್ ಮುಂದಿನ ಶನಿವಾರ ಅಲ್ವಾ? ಮ್ಯೂನಿಕ್‌ನಲ್ಲಿ?’ ಅಂದ.

ಅಷ್ಟೇ. ಅವನು ಹೇಳಿದ್ದು ಗಂಡಸರ ಫೈನಲ್. ಅವನ ದನಿಯಲ್ಲಿ ಕೊಂಕಿರಲಿಲ್ಲ. ನಾನು ದಿನ ತಪ್ಪಿ ಹೇಳುತ್ತಿದ್ದೇನೆಂದು ನಿಜವಾಗಿಯೂ ತಿಳಿದು, ಪಾಪ, ತಿದ್ದಿದ. ಅವನು ಒಳ್ಳೆಯವನು, ಫುಟ್‌ಬಾಲ್ ಅರೆದು ಕುಡಿದವನು, ಇಂಟರ್ ಮಿಲಾನ್ ಯಾವ ಪಂದ್ಯದಲ್ಲಿ ಯಾರನ್ನು ಆಡಿಸಿತು ಅನ್ನುವುದನ್ನು ಬಾಯಿಪಾಠ ಒಪ್ಪಿಸಬಲ್ಲ. ಅದಕ್ಕೇ ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಗೇಲಿ ಮಾಡಿದ್ದರೆ ಜಗಳವಾಡಬಹುದಿತ್ತು. ಇಲ್ಲಿ ಜಗಳಕ್ಕೂ ಏನೂ ಇರಲಿಲ್ಲ. ಫೈನಲ್ ಮುಂದಿನ ಶನಿವಾರ ಅಲ್ವಾ? ಅವನ ಕ್ಯಾಲೆಂಡರಿನಲ್ಲಿ ಮೇ 24 ಅನ್ನುವ ಚೌಕವೇ ಖಾಲಿ.

ಆ ಚೌಕ ತಾನಾಗಿ ಖಾಲಿಯಾದದ್ದಲ್ಲ ಅನ್ನುವುದು ನನ್ನ ಸಂಕಟ. ಅದನ್ನು ಖಾಲಿ ಮಾಡಿಸಿದ್ದಾರೆ. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಡಿಕ್ ಕರ್ ಲೇಡೀಸ್ ತಂಡದ ಪಂದ್ಯಕ್ಕೆ 53,000 ಜನ ಸೇರಿದ್ದರು. ಯುದ್ಧದ ಕಾಲದಲ್ಲಿ ಕಾರ್ಖಾನೆಯಲ್ಲಿ ದುಡಿದ ಹೆಂಗಸರು ಕಟ್ಟಿದ ತಂಡ ಅದು. ವರ್ಷ ತುಂಬುವುದರೊಳಗೆ, 1921ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಎಂದು ತೀರ್ಮಾನಿಸಿ, ತನ್ನ ಕ್ಲಬ್‌ಗಳ ಅಂಗಳಗಳನ್ನು ಅವರಿಗೆ ಕೊಡಕೂಡದೆಂದು ಕಟ್ಟಪ್ಪಣೆ ಮಾಡಿತು. ಸುಮಾರು ಐವತ್ತು ವರ್ಷ ಹಾಗೇ ನಡೆಯಿತು. ಆ ಐವತ್ತು ವರ್ಷದಲ್ಲೇ ಗಂಡಸರ ಆಟಕ್ಕೆ ಟಿವಿ ಬಂತು, ದುಡ್ಡು ಬಂತು, 1955ರಲ್ಲಿ ಯುರೋಪಿಯನ್ ಕಪ್ ಶುರುವಾಯಿತು. ಅಪ್ಪ ಮಗನನ್ನು ಕೈಹಿಡಿದು ಪಂದ್ಯಕ್ಕೆ ಕರೆದೊಯ್ಯುವ ರೂಢಿ ಬೇರೂರಿತು. ಹೆಂಗಸರ ಯುರೋಪಿಯನ್ ಕ್ಲಬ್ ಟೂರ್ನಿ ಶುರುವಾಗಲು 2001 ಬರಬೇಕಾಯಿತು. ‘ಹೆಂಗಸರ ಆಟ ಯಾರು ನೋಡ್ತಾರೆ?’ ಅಂತ ಕೇಳುವವರು 53,000 ಜನರನ್ನು ಗೇಟಿನಾಚೆ ಕಳಿಸಿದವರು ಯಾರು ಅಂತಲೂ ಕೇಳಬೇಕು.

ಆರ್ಸೆನಲ್ ಈ ಕಪ್ಪನ್ನು ಹಿಂದೊಮ್ಮೆ ಗೆದ್ದಿತ್ತು, 2007ರಲ್ಲಿ. ಆಗ ಫೈನಲ್ ಎರಡು ಕಂತಿನಲ್ಲಿ ನಡೆಯುತ್ತಿತ್ತು. ಮೊದಲ ಪಂದ್ಯದಲ್ಲಿ, ಸ್ವೀಡನ್ನಿನಲ್ಲಿ, ಆರ್ಸೆನಲ್‌ನ ಅಲೆಕ್ಸ್ ಸ್ಕಾಟ್ ಹೊಡೆದ ಒಂದೇ ಗೋಲು. ಎರಡನೇ ಪಂದ್ಯ ಲಂಡನ್ ಹತ್ತಿರದ ಬೋರಂವುಡ್‌ನ ಮೆಡೋ ಪಾರ್ಕ್ ಅನ್ನುವ ಪುಟ್ಟ ಅಂಗಳದಲ್ಲಿ, ಕೆಲವೇ ಸಾವಿರ ಜನರೆದುರು, 0-0. ಯುರೋಪ್ ಗೆದ್ದ ತಂಡಕ್ಕೆ ಅಷ್ಟೇ ಜಾಗ. ಈ ಸಲ ಲಿಸ್ಬನ್ನಿನಲ್ಲಿ 38,000ಕ್ಕೂ ಹೆಚ್ಚು ಜನ. ನನಗೆ ಆ ಸಂಖ್ಯೆ ನೋಡಿ ಗಂಟಲು ಕಟ್ಟಿತು.

ಮತ್ತೆ ಮೀಡ್ ಕಡೆಗೇ ಬರುತ್ತೇನೆ, ಬಿಡಲಾಗುತ್ತಿಲ್ಲ. 2022ರ ನವೆಂಬರಿನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು. ಎರಡೇ ತಿಂಗಳಲ್ಲಿ ಅಮ್ಮ ಕ್ಯಾನ್ಸರಿಗೆ ಬಲಿಯಾದರು. ಮುಂದಿನ ವರ್ಷದ ವಿಶ್ವಕಪ್ ಕೈತಪ್ಪಿತು. ಆರ್ಸೆನಲ್‌ನ ಇನ್ನೊಬ್ಬ ಆಟಗಾರ್ತಿ ಲೇಯಾ ವಿಲಿಯಮ್ಸನ್‌ಗೂ 2023ರಲ್ಲಿ ಅದೇ ಲಿಗಮೆಂಟ್, ಅದೇ ವಿಶ್ವಕಪ್ ನಷ್ಟ. ಇದನ್ನೆಲ್ಲ ತಿಳಿದವರಿಗೆ ಆ ಪಾಸ್ ಬೇರೆಯೇ ಥರ ಕಾಣುತ್ತದೆ. ಗೊತ್ತಿಲ್ಲದವರಿಗೆ ಅದೊಂದು ಚೆಂದದ ಪಾಸ್. ಗಂಡಸರ ಆಟದಲ್ಲಿ ಯಾವ ಆಟಗಾರನ ಯಾವ ಕಾಲು ಯಾವಾಗ ನೊಂದಿತು ಅನ್ನುವುದು ಊರಿಗೆಲ್ಲ ಗೊತ್ತು. ಕಥೆ ಗೊತ್ತಿದ್ದರೇ ತಾನೆ ಫೈನಲ್ಲಿಗೆ ಫೈನಲ್ಲಿನ ತೂಕ ಬರುವುದು? ಆರ್ಸೆನಲ್ ಸೆಪ್ಟೆಂಬರಿನ ಅರ್ಹತಾ ಸುತ್ತಿನಿಂದ ಆಡುತ್ತಾ ಬಂದದ್ದು, ರಿಯಲ್ ಮ್ಯಾಡ್ರಿಡ್ ಎದುರು 0-2 ಸೋತು ಮನೆಯಂಗಳದಲ್ಲಿ 3-0 ತಿರುಗಿಸಿದ್ದು, ಲಿಯಾನ್ ಎದುರು ಮನೆಯಲ್ಲಿ 1-2 ಸೋತು ಅವರ ಊರಿಗೇ ಹೋಗಿ 4-1 ಹೊಡೆದದ್ದು, ಇವನ್ನೆಲ್ಲ ಗೆಳೆಯನಿಗೆ ಊಟದ ಹೊತ್ತಿನಲ್ಲಿ ಹೇಳಿದೆ. ಕೇಳಿಸಿಕೊಂಡ. ‘ಲಿಯಾನ್ ಊರಲ್ಲೇ ನಾಲ್ಕಾ?’ ಅಂದಾಗ ಮಾತ್ರ ಅವನ ಕಣ್ಣು ಅರಳಿದ್ದು ಕಂಡೆ.

ಮ್ಯೂನಿಕ್ ಪಂದ್ಯವನ್ನು ನಾನೂ ನೋಡುತ್ತೇನೆ, ಅವನ ಜೊತೆಗೇ. ಜುಲೈ 2ರಿಂದ ಸ್ವಿಟ್ಜರ್‌ಲ್ಯಾಂಡಿನಲ್ಲಿ ಯುರೋಪಿನ ದೇಶಗಳ ಟೂರ್ನಿ, ಹೆಂಗಸರ ಯೂರೋ ಇದೆ. ಫೈನಲ್ 27ಕ್ಕೆ, ಬಾಸೆಲ್‌ನಲ್ಲಿ. ಎರಡೂ ತಾರೀಕನ್ನು ಅವನ ಫೋನಿಗೆ ಕಳಿಸಿದ್ದೇನೆ.