ಗೊತ್ತಾದಾಗ ಹ್ಯಾಂಗ ತಡಕೊಂಡ್ರಿ ಅಕ್ಕಾ?

ಕಲಬುರಗಿಯಲ್ಲಿ ಮಕ್ಕಳನ್ನು ಥೆರಪಿಗೆ ಕರೆತರುವ ಹೊಸ ತಾಯಂದಿರು ನನ್ನನ್ನು ಕೇಳುವುದು ಇದನ್ನೇ. ಮಗನಿಗೆ ಆಟಿಸಂ (ಮಾತು, ಒಡನಾಟ ಬೇರೆ ಥರ ಬೆಳೆಯುವ ಸ್ಥಿತಿ) ಅಂತ ಗೊತ್ತಾದಾಗ ಹ್ಯಾಂಗ ತಡಕೊಂಡ್ರಿ?

ತಡಕೊಳ್ಳಲಿಲ್ಲ. ಸಿಕಂದರಾಬಾದಿನಲ್ಲಿ ತೋರಿಸಿಕೊಂಡು ರೈಲಿನಲ್ಲಿ ಬರುವಾಗ ತಾಂಡೂರು ದಾಟಿದರೂ ನಾವಿಬ್ಬರೂ ಮಾತಾಡಲಿಲ್ಲ. ಎರಡೂವರೆ ವರ್ಷದ ಮಗ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಖುಷಿಯಾಗಿದ್ದ.

ಆಮೇಲೆ ಕಾರಣ ಹುಡುಕಿದೆ. ಬಸುರಿದ್ದಾಗ ಏನು ತಿಂದೆ, ಮೊಬೈಲ್ ಯಾಕೆ ಕೊಟ್ಟೆ, ಲಸಿಕೆಯಿಂದ ಆಯಿತೇ? ಲಸಿಕೆಯನ್ನು ದೂರಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ. ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ ಎಂದು ಒಂದು ಕಾಲಕ್ಕೆ ವೈದ್ಯರೇ ಹೇಳುತ್ತಿದ್ದರು. ಅದೂ ಸುಳ್ಳೆಂದು ತಿಳಿದು ದಶಕಗಳಾದವು. ಇಷ್ಟೆಲ್ಲ ಓದಿದ ಮೇಲೂ ರಾತ್ರಿ ಎಚ್ಚರವಾದರೆ ನನ್ನದೇ ತಪ್ಪು ಅನಿಸುತ್ತಿತ್ತು. ಅತ್ತೆ ಶರಣಬಸವೇಶ್ವರ ಗುಡಿಗೆ ಹರಕೆ ಹೊತ್ತರು. ಮನೆಯವರು ಮಾತ್ರ "ನನಗೂ ಮಾತು ತಡಾನೇ ಬಂದಿತ್ತು" ಅನ್ನುತ್ತಲೇ ಇದ್ದರು. ಅವರ ಅಳು ಹಾಗಿತ್ತು ಅಂತ ನನಗೆ ಆಗ ಗೊತ್ತಾಗಲಿಲ್ಲ.

ನೀರು ಬೇಕಾದರೆ ಮಗ ನನ್ನ ಮಣಿಕಟ್ಟು ಹಿಡಿದು ಎಳೆದೊಯ್ದು, ಕೈಯನ್ನು ನೀರಿನ ಕೊಡದ ಮುಚ್ಚಳದ ಮೇಲಿಡುತ್ತಿದ್ದ. ಮುಖ ನೋಡುತ್ತಿರಲಿಲ್ಲ. ನಾನು ಇವನಿಗೆ ಬರೀ ಒಂದು ಕೈ ಎಂದು ಅತ್ತಿದ್ದೇನೆ. ಥೆರಪಿ ಕಲಿಸುವ ಹುಡುಗಿ ಹೇಳಿದಳು: "ಅವ ಕೇಳಲತ್ತಾನ್ರಿ. ಕೊಡೂಕಿಂತ ಮೊದ್ಲ 'ನೀರು' ಅನ್ರಿ, ಸ್ವಲ್ಪ ತಡೀರಿ." ಹಾಗೆ ಮಾಡುತ್ತಾ ಎಂಟು ತಿಂಗಳಿಗೆ ಅವನು ಕೊಡದ ಕಡೆ ಬೆರಳು ತೋರಿಸಿದ. ದುಃಖ ಮುಗಿಯಲಿ ಎಂದು ಕಾದಿದ್ದರೆ ಆ ಎಂಟು ತಿಂಗಳು ಹೋಗುತ್ತಿದ್ದವು. ಅದಕ್ಕೇ ಕೇಳಿದವರಿಗೆಲ್ಲ ಹೇಳುತ್ತೇನೆ: ಅಳ್ರಿ, ಅಳುತ್ತಲೇ ಕೂಸನ್ನ ಥೆರಪಿಗೆ ಕರಕೊಂಡು ಹೋಗ್ರಿ.

ದುಃಖ ಈಗಲೂ ಬರುತ್ತದೆ, ಜೂನಿನಲ್ಲಿ ಓಣಿಯ ಮಕ್ಕಳು ಹೊಸ ಚೀಲ ಹಾಕಿಕೊಂಡು ಹೊರಟಾಗ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಅಂಗವೈಕಲ್ಯ ಅನ್ನುವ ಆ ಶಬ್ದಕ್ಕೆ ಅಂಜಿ, ಯುಡಿಐಡಿ ಕಾರ್ಡಿಗೆಂದು (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ತೆಗೆಸಿದ ಫೋಟೊ, ಆಧಾರ್ ನಕಲುಗಳನ್ನು ನಾಲ್ಕು ತಿಂಗಳು ಅಲಮಾರಿಯಲ್ಲೇ ಇಟ್ಟಿದ್ದೆ. ಒಂದು ಭಾನುವಾರ ಮನೆಯವರೇ ಅವನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು, ಮಗನಿಗೆ ಚಪ್ಪಲಿ ಹಾಕುತ್ತಾ ಅಂದರು: "ನಡಿ, ಅರ್ಜಿ ಹಾಕಿ ಬರೂಣು."